ನೇರಳೆಕಟ್ಟೆ ಹಾಲ್ಟಿನಲ್ಲಿ ಯಾರೂ ಹತ್ತುವುದಿಲ್ಲವಂತೆ

ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನವರ ಸನ್ನಿಧಿಗೆ,

ಮಾನ್ಯರೇ,

ನೇರಳೆಕಟ್ಟೆ ಹಾಲ್ಟಿನ ಟೀ ಅಂಗಡಿ ಶೇಷಪ್ಪ ಮಾಡುವ ಅನಂತ ನಮಸ್ಕಾರಗಳು. ತಮ್ಮ ಕ್ಷೇಮಸಮಾಚಾರ ತಮ್ಮ ಕೂಗಿನಿಂದಲೇ ದಿನವೂ ತಿಳಿಯುತ್ತಿದೆ. ನಮ್ಮದು ಅಷ್ಟು ಚೆನ್ನಾಗಿಲ್ಲ. ಬರುವ ತಿಂಗಳಿಂದ ತಾವು ಇಲ್ಲಿ ನಿಲ್ಲುವುದಿಲ್ಲವೆಂದು ರೈಲ್ವೆ ಇಲಾಖೆಯ ಸಾಹೇಬರೊಬ್ಬರು ಬಂದು ಹೇಳಿಹೋದರು. ಕಾರಣ, ಇಲ್ಲಿ ಯಾರೂ ಹತ್ತುವುದೇ ಇಲ್ಲವಂತೆ.

ತಮಗೆ ತಿಳಿಯದ್ದೇನಲ್ಲ, ನಮ್ಮೂರು ಹುಟ್ಟಿದ್ದೇ ತಮ್ಮಿಂದ. ಹಳಿ ಹಾಕಲು ಕಳಸ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಬಂದ ನಾವು, ಇಷ್ಟು ಬೆವರು ಸುರಿಸಿದ ಮೇಲೆ ರೈಲು ಓಡುವುದನ್ನು ನೋಡಿಯೇ ಹೋಗೋಣವೆಂದು ಕೂತೆವು. ತಾವು ಬರುವುದು ಎಷ್ಟು ತಡವಾಯಿತೆಂದರೆ, ಅಷ್ಟರಲ್ಲಿ ನಾವು ಮನೆ ಕಟ್ಟಿ, ಸೊಪ್ಪು ಬೆಳೆದು, ಒಬ್ಬರಿಗೊಬ್ಬರು ಬೀಗರೂ ಆಗಿಬಿಟ್ಟಿದ್ದೆವು. ತಮ್ಮ ವಿಳಂಬಕ್ಕೆ ಇಡೀ ಊರೇ ಋಣಿ.

ಆದರೆ ತೋಟದ ಜೀಪಿನಲ್ಲಿ ಓಡಾಡಿ ಬೆಳೆದ ನಮ್ಮವರಿಗೆ ಇಳಿದ ಮೇಲೆ ದುಡ್ಡು ಕೊಡುವುದೇ ಮರ್ಯಾದೆ. ಟಿಕೆಟ್ ಕಿಂಡಿಯ ಓಂಕಾರಮೂರ್ತಿಯವರು ಗಂಟಲು ಹರಿಯುವಂತೆ ಕರೆದರೂ ಸೊಪ್ಪಿನ ಮುತ್ತಮ್ಮ ಅತ್ತ ತಿರುಗುವುದಿಲ್ಲ. ಕೇಳಿದರೆ, “ಊರು ಮುಟ್ಟಿಸೋಕ್ ಮೊದ್ಲೇ ದುಡ್ಡು ಕೊಟ್ರೆ ಆ ಡ್ರೈವರಿಗೆ ಬೇಜಾರಾಗಲ್ವಾ ಮಾರಾಯ” ಎನ್ನುತ್ತಾರೆ. ಚಿಕ್ಕಮಗಳೂರಿನಲ್ಲಿ ಇಳಿದು, ಅಲ್ಲಿನ ಕಿಂಡಿಯಲ್ಲಿ ನೇರಳೆಕಟ್ಟೆಗೆ ಟಿಕೆಟ್ ಕೊಂಡು, ಬಾಕಿ ತೀರಿತೆಂದು ಹರಿದುಹಾಕಿ ಮಾರುಕಟ್ಟೆಗೆ ಹೋಗುತ್ತಾರೆ. ಊರೆಲ್ಲ ಅವರ ಹಿಂದೆಯೇ. ಸಂಜೆ ಖಾಲಿ ಬುಟ್ಟಿ ಹೊತ್ತು ಜೀಪಿನಲ್ಲಿ ಮರಳುತ್ತಾರೆ. ಹೀಗಾಗಿ ಇಲಾಖೆಯ ಲೆಕ್ಕದಲ್ಲಿ ನೇರಳೆಕಟ್ಟೆಗೆ ಜನ ಬರುತ್ತಲೇ ಇದ್ದಾರೆ, ಒಬ್ಬರೂ ಹೊರಟಿಲ್ಲ. ಇಂಥ ಸುಖದ ಊರು ಇನ್ನೆಲ್ಲಿದೆ ಹೇಳಿ.

ತಪ್ಪು ನಮ್ಮದೇ, ಒಪ್ಪಿದೆವು. ಆದರೆ ಬೆಳಗ್ಗೆ ಆ ಜೀಪು ಬರುವುದಿಲ್ಲ, ಬಸ್ಸಿನವರು ಮುತ್ತಮ್ಮನ ಒದ್ದೆ ಬುಟ್ಟಿಗಳನ್ನು ಹತ್ತಿಸಿಕೊಳ್ಳುವುದಿಲ್ಲ. ತಾವು ನಿಲ್ಲದಿದ್ದರೆ ಸೊಪ್ಪು ಇಲ್ಲೇ ಬಾಡುತ್ತದೆ, ಅವರ ಮನೆಯ ಒಲೆ ಹೊತ್ತುವುದಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಒಂದೇ ಒಂದು ದಿನ ಹಳಿಯಿಂದಿಳಿದು ಸಾಹೇಬರ ಕಚೇರಿಗೆ ಹೋಗಿ, ಮುತ್ತಮ್ಮ ದಿನವೂ ಹತ್ತುತ್ತಾರೆಂದು ಸಾಕ್ಷಿ ಹೇಳಬೇಕಾಗಿ ವಿನಂತಿ. ಮೆಟ್ಟಿಲು ಕಿರಿದಾಗಿದ್ದರೆ ಎಂಜಿನ್ನೊಂದೇ ಹೋದರೂ ಸಾಕು.

ಇನ್ನೂ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಶೇಷಪ್ಪ

ವಿ.ಸೂ.: ಸಾಹೇಬರು ಬಂದಿದ್ದು ಇಲಾಖೆಯ ಜೀಪಿನಲ್ಲಿ. ಅದು ನನ್ನ ಅಂಗಡಿಯ ಮುಂದೆಯೇ ಕೆಟ್ಟು ನಿಂತದ್ದರಿಂದ ಅವರು ಇಲ್ಲಿಂದಲೇ ತಮ್ಮನ್ನು ಹತ್ತಿ ಹೋದರು. ಕೊನೆಗೂ ಒಬ್ಬರು ಹತ್ತಿದ ಲೆಕ್ಕವಾಯಿತೆಂದು ನಾವು ಹಿಗ್ಗಿದೆವು. ಆಮೇಲೆ ತಿಳಿಯಿತು, ಅವರಿಗೆ ಪಾಸ್ ಇದೆ, ಟಿಕೆಟ್ ಬೇಕಿಲ್ಲ. ಅಂದೂ ಇಲ್ಲಿ ಯಾರೂ ಹತ್ತಲಿಲ್ಲ.