ಮಂಜಿನಲ್ಲಿ ನಿಂತ ನನ್ನ ಕೈಗೆ ಕೊಳಲು ಕೊಟ್ಟವರಿಗೆ

ಶಾಲಾ ಬ್ಯಾಂಡುಗಳಿಗೆ ಕಥೆಗಳನ್ನು ಸಂಗೀತವಾಗಿಸಿ ಕೊಡುವ ಮಾನ್ಯ ಸಂಯೋಜಕರೇ,

ತಾವೂ ತಮ್ಮ ಪಿಯಾನೋವೂ ಕ್ಷೇಮವೆಂದು ನಂಬಿ, ತಮ್ಮ ಅಮೂಲ್ಯ ಸಮಯದಲ್ಲಿ ಸ್ವಲ್ಪವನ್ನು ಕಸಿದುಕೊಳ್ಳುತ್ತಿದ್ದೇನೆ. ನಾನು ಹೊಳೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರ ಹೆಂಡತಿ, ಹೈಸ್ಕೂಲು ಮುಗಿಸಿದವಳು, ಮಕ್ಕಳನ್ನು ಹೆತ್ತು, ಅವರಿಗೂ ಅವರ ಅಪ್ಪನಿಗೂ ಬುದ್ಧಿ ಕಲಿಸಿದವಳು. ಬಾಗಿಲಿಗೆ ಯಾವ ಬಣ್ಣ ಹೊಡೆಯಬೇಕು ಎಂಬುದರಿಂದ ಹಿಡಿದು ಯಾರು ಯಾರೊಡನೆ ಎಷ್ಟು ದಿನ ಮುನಿಸಿಕೊಂಡಿರಬಹುದು ಎಂಬವರೆಗೆ ನಮ್ಮ ಮನೆಯಲ್ಲಿ ನನ್ನನ್ನು ಕೇಳದೆ ಏನೂ ತೀರ್ಮಾನವಾಗುವುದಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ, ಗೋಂದು ನನ್ನದೇ.

ತಾವು ನನ್ನನ್ನು ಮರೆತಿರಲಾರಿರಿ. ನಮ್ಮ ಮುಂದಿನ ಕೋಣೆಯ ಕುರ್ಚಿಯಲ್ಲಿ ಕುಳಿತು, ಚಹಾ ಆರಿಹೋಗುವವರೆಗೂ ತಲೆಯಾಡಿಸುತ್ತಾ, ಆ ಮಂಜಿನ ಬೆಳಗಿನ ಕಥೆಯನ್ನು ತಾವು ಕೇಳಿಕೊಂಡು ಹೋದಿರಿ. ಓದುವವರೆಲ್ಲರಿಗೂ ಗೊತ್ತಿರಲಿ ಎಂದು ಅದನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ. ನಮ್ಮ ಯಜಮಾನರು ಶಾಲೆಯ ಮಕ್ಕಳನ್ನು ತುಂಬಿಕೊಂಡು ಆಚೆ ದಡದಿಂದ ಹೊರಟಿದ್ದರು. ನಡುಹೊಳೆಗೆ ಬರುವಷ್ಟರಲ್ಲಿ ಮಂಜು ಕವಿದು ದಡವೇ ಕಾಣದಾಯಿತು. ಇಂಥ ಹೊತ್ತಿಗೆ ಬೇಕೆಂದೇ ಇದ್ದ ಊದುವ ಹಾರ್ನು, ನಾನು ಎಷ್ಟು ಹೇಳಿದರೂ ಕೇಳದೆ, ಅಡುಗೆಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ಊದಲು ನನಗೆ ಬರುತ್ತಿರಲಿಲ್ಲ. ಬೈಯಲು ಬರುತ್ತಿತ್ತು. ಕಟ್ಟೆಯ ತುದಿಯಲ್ಲಿ ನಿಂತು ಶುರುಮಾಡಿದೆ. ಹಾರ್ನಿನಿಂದ ಆರಂಭಿಸಿ, ಸೋರುವ ಹಂಚಿಗೆ ಬಂದು, ಅವರ ಅಕ್ಕ ನನ್ನ ದೊಡ್ಡ ಪಾತ್ರೆಯನ್ನು ಕೊಂಡುಹೋಗಿ ಹಿಂದಿರುಗಿಸದ ವಿಷಯಕ್ಕೆ ಹೋದೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಹುಟ್ಟಿನ ಸದ್ದು ಬೇರೆ ದಿಕ್ಕಿಗೆ ತಿರುಗುತ್ತಿತ್ತು. ಆದ್ದರಿಂದ ನಿಲ್ಲಿಸುವ ಹಾಗಿರಲಿಲ್ಲ. ಆ ವರ್ಷದ ತಪ್ಪುಗಳೆಲ್ಲ ಮುಗಿದು, ಹಿಂದಿನ ವರ್ಷಗಳದ್ದನ್ನೂ ಮುಗಿಸಿ, ಮದುವೆಯ ದಿನದ ತಪ್ಪುಗಳಿಗೆ ಕೈಹಾಕಿದಾಗ ಮಂಜಿನೊಳಗಿನಿಂದ ಅವರ ದನಿ ಕೇಳಿತು: "ಬಂದೆ ಕಣೇ, ಬಂದೆ." ದೋಣಿ ಕಟ್ಟೆಗೆ ತಾಗಿತು. ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಕೈಹಿಡಿದು ಇಳಿಸಿಕೊಂಡೆ.

ಆಗ ನನಗೆ ಏನನ್ನಿಸಿತು ಎಂದು ತಾವು ಬಹಳ ಮೆಲುದನಿಯಲ್ಲಿ ಕೇಳಿದ್ದಿರಿ. ಸಿಟ್ಟು ಬಂತು ಎಂದು ಹೇಳಿದ್ದೆ. ತಾವು ಅದನ್ನು ಬರೆದುಕೊಂಡದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಹೀಗಿರುವಾಗ ನಮ್ಮ ಶಾಲೆಯ ಬ್ಯಾಂಡಿನ ಕಾರ್ಯಕ್ರಮದ ಹಾಳೆಯಲ್ಲಿ "ದಡದಲ್ಲಿ ನಿಂತ ಹೆಣ್ಣಿನ ಮೃದುವಾದ ಮೊರೆ" ಎಂದು ಅಚ್ಚಾಗಿರುವುದನ್ನು ಓದಿ, ಆ ಬೆಳಗ್ಗೆ ದಡದಲ್ಲಿ ನನ್ನ ಜೊತೆ ಇನ್ನೊಬ್ಬ ಹೆಂಗಸೂ ನಿಂತಿದ್ದಳೇ ಎಂದು ನಮ್ಮ ಯಜಮಾನರನ್ನು ವಿಚಾರಿಸಬೇಕಾಯಿತು. ಇರಲಿಲ್ಲವಂತೆ.

ತಮ್ಮ ವಿದ್ಯೆಯ ಬಗ್ಗೆ ನನಗೆ ಅಪಾರ ಗೌರವವಿದೆ. ದೋಣಿಯನ್ನು ಕ್ಲಾರಿನೆಟ್ಟುಗಳಲ್ಲಿ ತೂಗಾಡಿಸಿದ್ದೀರಿ. ಹುಟ್ಟು ನೀರಿಗೆ ಬೀಳುವುದನ್ನು ಡ್ರಮ್ಮಿನ ಅಂಚಿನಲ್ಲಿ ತಟ್ಟಿಸಿದ್ದೀರಿ. ಮಕ್ಕಳ ಅಂಜಿಕೆಯನ್ನು ಪುಟ್ಟ ಗಂಟೆಗಳಲ್ಲಿ ಕೇಳಿಸಿದ್ದೀರಿ. ಅದೆಲ್ಲ ಇದ್ದದ್ದು ಇದ್ದ ಹಾಗೇ ಇದೆ. ನನ್ನನ್ನು ಮಾತ್ರ ಕೊಳಲಿಗೆ ಕೊಟ್ಟಿದ್ದೀರಿ. ಕೊಳಲು ಒಳ್ಳೆಯ ವಾದ್ಯ, ಅದರ ಮೇಲೆ ನನ್ನ ದೂರಿಲ್ಲ. ಆದರೆ ಆ ದಿನ ನಾನು ಕೊಳಲಿನಂತೆ ಕೂಗಿದ್ದರೆ ಆ ದೋಣಿ ಇವತ್ತಿಗೂ ಹೊಳೆಯಲ್ಲೇ ಸುತ್ತುತ್ತಿರುತ್ತಿತ್ತು.

ಇಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಅದೇ ಬ್ಯಾಂಡಿನಲ್ಲಿ ನನ್ನ ಮೊಮ್ಮಗಳು ಟ್ಯೂಬಾ ಊದುತ್ತಾಳೆ. ಅದು ತೊಡೆಯ ಮೇಲೆ ಕೂತರೆ ಹಿಂದಿನ ಮಗು ಕಾಣಿಸದಷ್ಟು ದೊಡ್ಡ ಹಿತ್ತಾಳೆ ವಾದ್ಯ. ನನ್ನಂತೆಯೇ ಅಗಲವಾದ ಭುಜದ ಹುಡುಗಿಯೆಂದು ಅವಳಿಗೆ ಕೊಟ್ಟರು. ತಾವು ಅವಳನ್ನು ಮಂಜು ಮಾಡಿದ್ದೀರಿ. ಒಂದೇ ಸ್ವರ, ಉಸಿರಿರುವವರೆಗೆ. ಆಮೇಲೆ ಮತ್ತೆ ಅದೇ ಸ್ವರ. ಅವಳು ಬಚ್ಚಲಮನೆಯಲ್ಲಿ ಕುಳಿತು ಮಂಜನ್ನು ಅಭ್ಯಾಸ ಮಾಡುವಾಗ ಪಕ್ಕದ ಮನೆಯ ದರ್ಜಿ ಬಂದು ನಮ್ಮ ಪಂಪು ಸುಟ್ಟುಹೋಗುತ್ತಿದೆ ಎಂದು ಎಚ್ಚರಿಸಿದ್ದುಂಟು. ಇದನ್ನೂ ಸಹಿಸಿದೆ. ಆದರೆ ಒಂದು ಸಂಜೆ ಅವಳು ಟ್ಯೂಬಾವನ್ನು ಒರೆಸಿ, ಕಾರ್ಯಕ್ರಮ ಮುಗಿದ ಕೂಡಲೇ ಶಾಲೆಗೆ ಹಿಂದಿರುಗಿಸುತ್ತೇನೆ ಎಂದಳು. ಏಕೆಂದು ಕೇಳಿದರೆ, "ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅಜ್ಜಿ" ಎಂದಳು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಹಾಗೆ ಹೇಳುವ ರೂಢಿಯಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿದ್ದವು. ಮಂಜನ್ನು ಬೇರೆ ಯಾವುದಾದರೂ ವಾದ್ಯದಲ್ಲಿ ಕವಿಸಬೇಕು; ನನ್ನ ದನಿಯನ್ನು ಟ್ಯೂಬಾಗೆ ವರ್ಗಾಯಿಸಬೇಕು; ನಮ್ಮ ಯಜಮಾನರ ಅಕ್ಕನಿಗೆಂದು ಎರಡು ಅಪಸ್ವರಗಳನ್ನು ಸೇರಿಸಬೇಕು. ಮೊಮ್ಮಗಳ ಸ್ವರದ ಹಾಳೆಯನ್ನು ಹಿಡಿದುಕೊಂಡು ಬ್ಯಾಂಡ್ ಮೇಷ್ಟರ ಬಳಿಗೆ ಹೋದೆ. ತಾವು ಬರೆದದ್ದರಲ್ಲಿ ಒಂದು ಚುಕ್ಕೆಯನ್ನೂ ಬದಲಿಸುವ ಅಧಿಕಾರ ತನಗಿಲ್ಲವೆಂದು ಅವರು ಕೈಮುಗಿದರು. ಕೈಮುಗಿದವರನ್ನು ಬೈಯುವುದು ಕಷ್ಟ. ಹಾಳೆಯನ್ನೇ ನೋಡುತ್ತಾ ನಿಂತೆ. ಮಂಜಿನ ಉದ್ದದ ಸ್ವರಗಳ ಮೇಲೆ, ಇರುವೆ ಸಾಲಿನಂತೆ, ಸಣ್ಣ ಅಚ್ಚಿನ ಬೇರೆ ಸ್ವರಗಳಿದ್ದವು. ಇವೇನು ಎಂದು ಕೇಳಿದೆ. ಶಾಲೆಯ ಬ್ಯಾಂಡಿಗೆ ಬರೆಯುವವರು ಹೀಗೆ ಮಾಡುತ್ತಾರಂತೆ: ಕಾರ್ಯಕ್ರಮದ ದಿನವೇ ಯಾವ ಮಗುವಿಗೆ ಜ್ವರ ಬರುತ್ತದೋ ಹೇಳಲಾಗದು, ಅದಕ್ಕೆ ಮುಖ್ಯವಾದ ರಾಗವನ್ನು ಇನ್ನೊಬ್ಬರ ಹಾಳೆಯಲ್ಲೂ ಸಣ್ಣದಾಗಿ ಅಚ್ಚು ಹಾಕಿಸಿರುತ್ತಾರಂತೆ. ಎಂದೂ ತಪ್ಪಿಸಿಕೊಳ್ಳದ ಮಗು ಯಾವುದೆಂದು ತಾವು ಕೇಳಿದಾಗ ಮೇಷ್ಟರು ನನ್ನ ಮೊಮ್ಮಗಳ ಹೆಸರು ಹೇಳಿದ್ದರಂತೆ. ಆ ಇರುವೆ ಸಾಲು ನಾನೇ. ಅದರ ಪಕ್ಕದಲ್ಲಿ ತಮ್ಮದೇ ಅಪ್ಪಣೆ: "ಕೊಳಲು ಇಲ್ಲದಿದ್ದರೆ ಮಾತ್ರ ನುಡಿಸಿ."

ತಮ್ಮ ಅಪ್ಪಣೆಯನ್ನು ಮೀರುವವಳು ನಾನಲ್ಲ. ಕೊಳಲು ಊದುವವಳು ಹಲ್ಲಿನ ಡಾಕ್ಟರ ಮಗಳು, ಗಾಳಿಗೆ ಬಾಗುವಂಥ ಮೆತ್ತನೆಯ ಹುಡುಗಿ. ಅವಳನ್ನು ಮನೆಗೆ ಕರೆದು, ನಾನಾಗಲು ನಿನಗೆ ಇಷ್ಟವೇ ಎಂದು ಕೇಳಿದೆ. ಅವಳು ನನ್ನನ್ನು ಒಮ್ಮೆ ಪೂರ್ತಿ ನೋಡಿ, "ಭಯ ಆಗುತ್ತೆ ಅಜ್ಜಿ" ಎಂದಳು. ಉಳಿದದ್ದನ್ನು ನಾವಿಬ್ಬರೂ ಮಾತಾಡಿಕೊಂಡೆವು.

ಬೇರೊಂದು ಊರಿನ ಕಾರ್ಯಕ್ರಮವಿದ್ದುದರಿಂದ ನಮ್ಮದಕ್ಕೆ ತಮಗೆ ಬರಲಾಗಲಿಲ್ಲ. ನಡೆದದ್ದು ಇಷ್ಟು. ಮಂಜು ಕವಿಯಿತು. ಆ ಹುಡುಗಿ ಸದ್ದಿಲ್ಲದೆ ವೇದಿಕೆಯಿಂದ ಇಳಿದು, ಕೊಳಲನ್ನು ಪೆಟ್ಟಿಗೆಯಲ್ಲಿಟ್ಟು, ಮುಂದಿನ ಸಾಲಿನಲ್ಲಿದ್ದ ನನ್ನ ಮಡಿಲಿಗೆ ಕೊಟ್ಟಳು. ಚಿಲಕ ಹಾಕಿ ಮೇಲೆ ನನ್ನ ಚೀಲವನ್ನಿಟ್ಟೆ. ಮೇಷ್ಟರು ಕೊಳಲಿದ್ದ ಕಡೆ ನೋಡಿದರು, ಇರಲಿಲ್ಲ. ನನ್ನ ಕಡೆ ನೋಡಿದರು, ಇದ್ದೆ. ಕೋಲನ್ನು ಟ್ಯೂಬಾ ಕಡೆಗೆ ತಿರುಗಿಸಿದರು.

ಮೊದಲ ಸ್ವರ ಒಡೆಯಿತು. ಆ ದಿನ ನನ್ನ ಗಂಟಲೂ ಒಡೆದೇ ಇತ್ತು. ಹಾರ್ನಿನ ವಿಷಯದಲ್ಲಿ ಮೊಮ್ಮಗಳು ಸ್ವಲ್ಪ ತಡವರಿಸಿದಳು. ಹಂಚಿಗೆ ಬರುವಷ್ಟರಲ್ಲಿ ನೆಲದ ಹಲಗೆ ನಡುಗುತ್ತಿತ್ತು. ಪಾತ್ರೆಯ ವಿಷಯಕ್ಕೆ ನಾನೇ ಎದ್ದು ನಿಲ್ಲುವವಳಿದ್ದೆ. ಆಗ, ಈಚೆಗೆ ಕಿವಿ ಮಂದವಾಗಿ, ಮುಖ್ಯೋಪಾಧ್ಯಾಯರ ಭಾಷಣದಿಂದಲೂ ನನ್ನ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ನಮ್ಮ ಯಜಮಾನರು ಥಟ್ಟನೆ ನೆಟ್ಟಗೆ ಕೂತು, ಕಾಲಿನಿಂದ ಚಪ್ಪಲಿಗೆ ತಡಕಾಡುತ್ತಾ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದರು:

"ಬಂದೆ ಕಣೇ, ಬಂದೆ."

ಆದ್ದರಿಂದ ತಾವು ತಿದ್ದಿಕೊಡುವ ಶ್ರಮ ಪಡಬೇಕಾಗಿಲ್ಲ, ತಿದ್ದುಪಡಿ ಮುಗಿದಿದೆ. ಟ್ಯೂಬಾ ಶಾಲೆಗೆ ಹಿಂದಿರುಗಿಲ್ಲ. ತಾವು ಕುಳಿತಿದ್ದ ಕುರ್ಚಿಯಲ್ಲಿ ಈಗ ಅದು ಕುಳಿತಿದೆ. ಇನ್ನೊಮ್ಮೆ ಬಂದರೆ ತಾವು ನಿಂತೇ ಚಹಾ ಕುಡಿಯಬೇಕಾದೀತು ಎಂಬುದನ್ನು ವಿನಯದಿಂದ ತಿಳಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ದೋಣಿಯವರ ಹೆಂಡತಿ

ಮರೆತ ಮಾತು: ತಾವು ಎಂದಾದರೂ ಮಂಜಿನಲ್ಲಿ ದಾರಿ ತಪ್ಪಿದರೆ ಸಂಕೋಚವಿಲ್ಲದೆ ಹೇಳಿ ಕಳುಹಿಸಿ. ದಡದಿಂದ ಕೊಳಲು ಊದಿಸುತ್ತೇನೆ.