ಮಾವನ ‘ಮಾಡ್ಸೋಣ’

ನಮ್ಮ ಸೋದರಮಾವ ಜನ್ಮದಲ್ಲಿ ಯಾರಿಗೂ ‘ಆಗಲ್ಲ’ ಎಂದವರಲ್ಲ. ಆಗುವ ಕೆಲಸಕ್ಕೂ ಆಗದ ಕೆಲಸಕ್ಕೂ ಅವರದು ಒಂದೇ ಉತ್ತರ: ‘ಮಾಡ್ಸೋಣ.’ ಅವರು ಶಾಸಕರಾಗಿದ್ದಾಗ ಬೆಳಗಾಗುತ್ತಲೇ ಬಿಳಿ ಪಂಚೆ ಉಟ್ಟು ಚಂದ್ರಾ ಲೇಔಟಿನ ಮನೆಯ ಜಗಲಿಯಲ್ಲಿ ಕೂರುತ್ತಿದ್ದರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ತುಂಬ ಜನ. ಮೋರಿ ಕಟ್ಟಿಕೊಂಡಿದೆ, ಮಾಡ್ಸೋಣ. ಬೀದಿ ದೀಪ ಉರಿಯುತ್ತಿಲ್ಲ, ಮಾಡ್ಸೋಣ. ಪಕ್ಕದ ಬೀದಿಯ ಮದುವೆಯಲ್ಲಿ ಗಂಡಿನ ಅಜ್ಜಿ, “ಬೇಗ ಮರಿಮಗು ಆಗ್ಲಿ ಅಂತ ಹರಸಿ ಸಾರ್” ಎಂದಾಗಲೂ ಮಾವ ಅಭ್ಯಾಸಬಲದಿಂದ “ಮಾಡ್ಸೋಣ ಬಿಡಮ್ಮ” ಎಂದುಬಿಟ್ಟರು. ಮದುಮಗನ ಮುಖ ನೋಡಬೇಕಿತ್ತು!

ಗಂಡನ ಹತ್ತಿರ ಮಾತಾಡಬೇಕೆಂದರೆ ಅತ್ತೆಯೂ ಆ ಜಗಲಿಗೇ ಬರಬೇಕಿತ್ತು. ಒಮ್ಮೆ, “ರೀ, ಮಂಡಿ ತುಂಬಾ ನೋಯ್ತಿದೆ, ಡಾಕ್ಟ್ರ ಹತ್ರ ಹೋಗೋಣ” ಎಂದರು. ಮಾವ ಕೈಲಿದ್ದ ಅರ್ಜಿಯಿಂದ ತಲೆಯೆತ್ತದೆ, “ಮಾಡ್ಸೋಣಮ್ಮ, ಸೋಮವಾರ ಬನ್ನಿ” ಎಂದರು. ಕಟ್ಟಿಕೊಂಡ ಹೆಂಡತಿಗೆ ಹೇಳುವ ಮಾತೇ ಇದು? ಅತ್ತೆ ನನ್ನ ಜೊತೆ ಆಟೋ ಹತ್ತಿದರು.

ಆಮೇಲೆ ಮಾವ ಸಂಸದರಾದರು. ಇನ್ನಾದರೂ ಮನೆಯಲ್ಲಿ ಜನ ಕಮ್ಮಿಯಾಗುತ್ತಾರೆ ಎಂದು ಅತ್ತೆಗೆ ಖುಷಿಯೋ ಖುಷಿ. ಜನ ಕಮ್ಮಿಯಾದರು, ಮಾವನೂ ಕಮ್ಮಿಯಾದರು.

ದೆಹಲಿಯಲ್ಲಿ ಅವರನ್ನು ಯಾರೂ ಏನೂ ಕೇಳುವುದಿಲ್ಲವಂತೆ. ಅಲ್ಲಿನ ಮನೆಯೆದುರು ಮೋರಿ ಉಕ್ಕಿದ್ದು ಕಂಡು ಆನಂದ ತಡೆಯಲಾರದೆ ಇಲ್ಲಿಯ ಎಂಜಿನಿಯರಿಗೇ ಫೋನ್ ಮಾಡಿದರು. “ಸಾರ್, ದೆಹಲಿ ನಮ್ಮ ವಾರ್ಡಿಗೆ ಬರಲ್ಲ” ಎಂದ ಆ ಪುಣ್ಯಾತ್ಮ.

ಬೆಳಗ್ಗೆ ಕಸದ ಆಟೋ ಬರುವ ಹೊತ್ತಿಗೆ ಸರಿಯಾಗಿ ಅತ್ತೆಗೆ ಮಾವನ ಫೋನ್. “ಗೇಟ್ ಹತ್ರ ಹೋಗು. ಅಲ್ಲಿ ಯಾರೋ ಜಗಳ ಆಡ್ತಿದಾರಲ್ಲ, ಫೋನ್ ಇನ್ನೊಂಚೂರು ಆ ಕಡೆ ಹಿಡಿ.” ಜಗಳ ಮುಗಿದರೆ ಮಾತೂ ಮುಗಿಯಿತು.

“ಬೀದಿ ಹೆಂಗಿದೆ ಅಂತಾರೆ, ನಾನು ಹೆಂಗಿದೀನಿ ಅಂತ ಕೇಳಲ್ಲ ನೋಡೋ” ಎಂದು ಅತ್ತೆ ನನ್ನೆದುರು ನಗುತ್ತಿದ್ದರು. ಆ ನಗು ನೋಡಿ ನನಗೆ ಸಂಕಟವಾಗುತ್ತಿತ್ತು.

ಹೋದ ಭಾನುವಾರ ಮಾವ ಬಂದಿದ್ದರು. ಬೆಳಗ್ಗೆಯೇ ಪಂಚೆ ಉಟ್ಟು, ತಾವೇ ಕುರ್ಚಿಗಳನ್ನು ಸಾಲಾಗಿ ಇಟ್ಟು ಜಗಲಿಯಲ್ಲಿ ಕೂತರು. ಒಬ್ಬರೂ ಬರಲಿಲ್ಲ. ಜನರೆಲ್ಲ ಈಗ ಹೊಸ ಶಾಸಕರ ಮನೆಗೆ ಹೋಗುತ್ತಾರೆ. ಮಾವ ಪೇಪರನ್ನು ತಿರುವಿ ಹಾಕುತ್ತಾ ಗೇಟಿನ ಕಡೆಯೇ ನೋಡುತ್ತಿದ್ದರು.

ಆಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದು ಮೊದಲ ಕುರ್ಚಿಯಲ್ಲಿ ಕೂತರು. ಕಾದು ಬೇಸತ್ತು ಪೇಪರಿನಲ್ಲಿ ಮುಖ ಹುದುಗಿಸಿದ್ದ ಮಾವ ಕುರ್ಚಿಯ ಸದ್ದಿಗೆ, “ಏನಮ್ಮಾ ನಿಮ್ಮ ಸಮಸ್ಯೆ?” ಎಂದರು.

“ನಮ್ಮನೆಯವ್ರು ದೆಹಲೀಲಿದಾರೆ ಸಾರ್. ವಾಪಸ್ ಕಳಿಸ್ಕೊಡಿ.”

ಬಾಗಿಲಲ್ಲಿದ್ದ ನನಗೆ ನಗು ಬಂತು. ಮಾವ ತಲೆಯೆತ್ತಿದರು. ಬಾಯಿಗೆ ಬಂದ ‘ಮಾಡ್ಸೋಣ’ ಅಲ್ಲೇ ನಿಂತಿತು.

“ಆಗಲ್ಲ ಕಣೇ” ಎಂದರು. “ಸಂಜೇನೇ ಹೋಗ್ಬೇಕು.”

ಆಮೇಲೆ ತಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು, ಅವರ ಮಂಡಿಯ ಮೇಲೆ ಕೈಯಿಟ್ಟು ಕೇಳಿದರು: “ಇದು ಇನ್ನೂ ನೋಯುತ್ತಾ?”