ಬಾಣಂತಿ ಖೋಲಿಯ ಏಸಿ

ಮಧ್ಯಾಹ್ನ ಊಟವಾದ ಮೇಲೆ ಚಹಾ ಕುಡಿಯುವವರೆಗೆ ನಾನು ಯಾವ ವಿಷಯಕ್ಕೂ 'ಹೂಂ' ಅನ್ನಬಾರದೆಂದು ನನ್ನ ಹೆಂಡತಿ ಶಾಂತಾ ಎಷ್ಟೋ ವರ್ಷಗಳ ಹಿಂದೆಯೇ ಕಾನೂನು ಮಾಡಿದ್ದಾಳೆ. ಕಾರಣವಿದೆ. ಆ ಹೊತ್ತಿಗೆ ನಾನು ಹಿತ್ತಲ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಬಿದ್ದುಕೊಂಡಿರುತ್ತೇನೆ, ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು. ಆಗ ಯಾರು ಏನು ಕೇಳಿದರೂ ನನ್ನ ಬಾಯಿಂದ ಬರುವುದು ಹೂಂ ಒಂದೇ. ಹೀಗೆ ಹೂಂ ಅಂದು ಒಮ್ಮೆ ಪಕ್ಕದ ಮನೆಯವರ ಎಮ್ಮೆಯನ್ನು ನಮ್ಮ ಹಿತ್ತಲಲ್ಲಿ ಕಟ್ಟಿಸಿಕೊಂಡಿದ್ದೇನೆ. ಇನ್ನೊಮ್ಮೆ ಕಾಲೇಜಿನ ನಾಟಕದಲ್ಲಿ ಹೆಣ್ಣುವೇಷಕ್ಕೆ ಒಪ್ಪಿಕೊಂಡಿದ್ದೇನೆ, ಮೀಸೆ ಇಟ್ಟುಕೊಂಡೇ. ಆದರೆ ಏನು ಮಾಡಲಿ, ಶಹಾಪುರದ ಬಿಸಿಲಿನಲ್ಲಿ ಆ ಜೊಂಪಿನಷ್ಟು ಸುಖ ಬೇರೆ ಇಲ್ಲ. ಬೇವಿನೆಲೆಯ ಸಪ್ಪಳ, ಕಾಲುವೆ ಕಡೆಯಿಂದ ಬಟ್ಟೆ ಒಗೆಯುವ ಸದ್ದು, ಕೂಗಿ ಕೂಗಿ ತನಗೇ ಬೇಸರವಾಗಿ ಸುಮ್ಮನಾಗುವ ಕಾಗೆ, ಎಲ್ಲವೂ ನೀರಿನೊಳಗೆ ಕುಳಿತು ಕೇಳಿದ ಹಾಗೆ ಕೇಳಿಸುತ್ತವೆ. ನಾನು ಕಾಲೇಜಿನಲ್ಲಿ ಭೂಗೋಳ ಹೇಳುವ ಮಾಸ್ತರ. ಜಗತ್ತಿನ ಮಾರುತಗಳೆಲ್ಲ ಎಲ್ಲಿ ಹುಟ್ಟಿ ಎಲ್ಲಿ ಬೀಸುತ್ತವೆಂದು ಬಲ್ಲೆ. ನನ್ನ ಮನೆಯೊಳಕ್ಕೆ ಮಾತ್ರ ಒಂದೂ ಬೀಸುವುದಿಲ್ಲ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಮಗಳು ಸುಮಿಯ ಫೋನಿನಿಂದ. ಅವಳನ್ನು ಕಲಬುರಗಿಗೆ ಕೊಟ್ಟಿದ್ದೇವೆ. ಯುಗಾದಿ ಆದ ಮೇಲೆ ಹೆರಿಗೆ, ಚೊಚ್ಚಲು. "ಅಪ್ಪಾ, ಸಿಟ್ಟಾಗಬ್ಯಾಡ," ಅಂದಳು. "ಆ ಬ್ಯಾಸಗಿಯೊಳಗ ನಮ್ಮ ಮನ್ಯಾಗ ಹೆಂಗ ಇರಬೇಕು ಅಂತ ಅಂಜಿಕಿ ಬರಾಕತ್ತದ. ಕೂಲರ್ ಹಚ್ಚಿದ್ರ ಮೈಯೆಲ್ಲ ಜಿಗಿಜಿಗಿ ಆಗ್ತದ. ನಮ್ಮ ಅತ್ತಿ ಇಲ್ಲೇ ಇರು ಅಂತಾರ, ಇಲ್ಲಿ ಏಸಿ ಅದ." ಶಾಂತಾ ಆಗ ಅಂಟಿನುಂಡಿಗೆ ಒಣಕೊಬ್ಬರಿ ಹೆರೆಯುತ್ತಿದ್ದಳು. ಅವಳ ಕೈ ನಿಂತಿತು. ಇರುವ ಒಬ್ಬಳು ಮಗಳು, ಅವಳ ಮೊದಲ ಬಾಣಂತನ ತವರಿನಲ್ಲಿ ಆಗದಿದ್ದರೆ ಈ ಮನೆ ಯಾಕೆ ಬೇಕು? "ನೀ ಬಾರವ್ವ, ಏಸಿ ಇರ್ತದ," ಅಂದುಬಿಟ್ಟೆ.

ಕೂಲರನ್ನು ಬಯ್ದು ಉಪಯೋಗವಿಲ್ಲ. ಅದು ಒಣ ಬಿಸಿಲಿನ ಕಾಲದ ಪ್ರಾಣಿ. ಆಗ ಅದರ ಹುಲ್ಲಿಗೆ ಎರಡು ಕೊಡ ನೀರು ಸುರಿದರೆ ಸಾಕಿತ್ತು, ಶಾಲು ಹೊದೆಯುವಷ್ಟು ತಂಪು. ಆಮೇಲೆ ಕಾಲುವೆ ಬಂತು. ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು. ಊರ ಸುತ್ತ ನೀರು ನಿಂತು, ಗಾಳಿಗೇ ಬೆವರು ಬರಲು ಶುರುವಾಯಿತು. ಹಸಿ ಗಾಳಿಯಲ್ಲಿ ನೀರು ಆವಿಯಾಗುವುದಿಲ್ಲ, ಆದ್ದರಿಂದ ಕೂಲರ್ ತಂಪು ಮಾಡುವುದಿಲ್ಲ ಎಂದು ನಾನು ಶಾಂತಾಳಿಗೆ ಪಾಠ ಮಾಡಿದೆ. "ನಿಮ್ಮ ಆವಿ ಹಾಳಾಗಲಿ, ಉಪ್ಪಿನ ಡಬ್ಬಿ ನೀರಾಗ್ಯಾದ, ಹಪ್ಪಳ ಮೆತ್ತಗಾಗ್ಯಾವ," ಅಂದಳು. ಕಾಲುವೆ ತಂದ ನೆಲ್ಲಿನ ದುಡ್ಡಿನಲ್ಲೇ ನಾವು ಹಳೆಯ ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಮನೆ ಕಟ್ಟಿದ್ದು. ಸುರಪುರದಲ್ಲಿ ನನ್ನ ಸೋದರಮಾವನ ಮನೆಯ ಗೋಡೆ ಎಷ್ಟು ದಪ್ಪವಿತ್ತೆಂದರೆ ಚಿಕ್ಕಂದಿನಲ್ಲಿ ಅದರ ಗೂಡಿನಲ್ಲಿ ನಾನು ಮುದುಡಿಕೊಂಡು ಮಲಗುತ್ತಿದ್ದೆ. ಸುಣ್ಣದ ವಾಸನೆ, ಗಲ್ಲಕ್ಕೆ ತಣ್ಣನೆಯ ಗೋಡೆ. ಈಗಲೂ ಜೊಂಪಿನಲ್ಲಿ ಒಮ್ಮೊಮ್ಮೆ ಆ ಗೂಡಿನೊಳಗೆ ಹೋಗಿ ಬರುತ್ತೇನೆ. ಕರೆಂಟೇ ಬೇಡದ ಏಸಿ ಅದು.

ಇರಲಿ. ಬಸ್‌ಸ್ಟ್ಯಾಂಡ್ ಹತ್ತಿರದ ರಫೀಕ್ ಸಾಬರ ಅಂಗಡಿಗೆ ಹೋದೆ. ಅಲ್ಲಿ ತಂಪನ್ನು ಟನ್ ಲೆಕ್ಕದಲ್ಲಿ ಮಾರುತ್ತಾರೆಂದು ಗೊತ್ತಾಗಿ, ಜೋಳದ ಹಾಗೆ ಚೀಲದಲ್ಲಿ ಕಟ್ಟಿಕೊಡುತ್ತಾರೇನೋ ಅನ್ನಿಸಿತು. ಪ್ರತಿ ಡಬ್ಬಿಯ ಹಣೆಗೂ ನಕ್ಷತ್ರಗಳು. "ಸ್ಟಾರ್ ಜಾಸ್ತಿ ಇದ್ದಂಗ ಕರೆಂಟ್ ಕಮ್ಮಿ ತಿಂತದ, ಮಾಸ್ತರ್ ಸಾಬ್," ಅಂದರು ರಫೀಕ್. ಮೂರೋ ಐದೋ ಎಂದು ನಿರ್ಧರಿಸಲಾಗದೆ ಮನೆಗೆ ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಚಳಿಗಾಲವೆಲ್ಲ ಹೀಗೇ ಕಳೆಯಿತು. ಹೊರಸಿನ ಮೇಲೆ ಕಣ್ಣು ಮುಚ್ಚಿದರೆ ಬೇವಿನ ಟೊಂಗೆಗಳ ನಡುವೆ ಹಗಲಿನಲ್ಲೇ ನಕ್ಷತ್ರ ಮೂಡುತ್ತಿದ್ದವು. ಎಣಿಸಲು ಹೋದರೆ ಅವು ಒಂದೊಂದಾಗಿ ಕಾಲುವೆಗೆ ಇಳಿದು ತೇಲಿಕೊಂಡು ಹೋಗುತ್ತಿದ್ದವು. ಒಂದು ದಿನ ರಫೀಕ್ ಇನ್ನೊಂದು ಯಂತ್ರ ತೋರಿಸಿದರು: "ಇದು ಬ್ಯಾಸಗ್ಯಾಗ ಥಂಡಿ, ಚಳಿಗಾಲದಾಗ ಗರಂ. ಎರಡೂ ಮಾಡ್ತದ." ನಾನು ನಕ್ಕೆ. "ಶಹಾಪುರದಾಗ ಕಾವಿಗೆ ಯಾರರ ರೊಕ್ಕ ಕೊಡ್ತಾರೇನ್ರಿ?" ಕೊನೆಗೆ ಐದು ನಕ್ಷತ್ರದ, ಬರೀ ತಂಪಿನದ್ದನ್ನೇ ಆರಿಸಿದೆ. ಕೂಡಿಸಲು ಇಬ್ಬರು ಬಂದ ಹೊತ್ತಿಗೆ ಶಾಂತಾ ಸಂತೆಗೆ ಹೋಗಿದ್ದಳು, ನನ್ನ ಊಟವಾಗಿತ್ತು. "ಸರ್, ಹೊರಗಿನ ಡಬ್ಬಿ ಇಲ್ಲೇ ಕೂಡಿಸೋಣೇನ್ರಿ?" ಎಂದು ಎಲ್ಲೋ ಬಹಳ ದೂರದಿಂದ ಒಂದು ದನಿ ಕೇಳಿತು. ಹೂಂ ಅಂದೆ.

ಈ ಗದ್ದಲದಲ್ಲಿ ನಾನು ಲೆಕ್ಕಕ್ಕೆ ಹಿಡಿಯದೇ ಹೋದವಳೆಂದರೆ ನಮ್ಮವ್ವ, ಸುಮಿಯ ಆಯಿ. ಓಣಿಯ ಅದೆಷ್ಟೋ ಬಾಣಂತಿಯರು ಅವಳ ಕೈಯಲ್ಲಿ ಎದ್ದವರು. ಅವಳ ಪದ್ಧತಿ ಸರಳ: ಬಾಣಂತಿಯ ಹೊರಸಿನ ಕೆಳಗೆ ಶೇಗಡಿ, ಶೇಗಡಿ ತುಂಬ ಕೆಂಡ, ಕೆಂಡದ ಮೇಲೆ ಅಜವಾನ. ಕಿವಿಗೆ ಬಟ್ಟೆ. ಥಂಡಿ ಗಾಳಿ ಬಡಿದರೆ ಸನ್ನಿ ಆಗುತ್ತದೆಂದು ಅವಳ ಹೆದರಿಕೆ. ನಾನು ಏಸಿ ಆರಿಸುತ್ತಿದ್ದ ತಿಂಗಳುಗಳಲ್ಲಿ ಅವಳು ಮಾತಿಲ್ಲದೆ ಇದ್ದಿಲು ಕೂಡಿಡುತ್ತಿದ್ದಳು. ಗೋಡೆಯ ಆ ಬಿಳಿ ಡಬ್ಬಿಯನ್ನು ಒಮ್ಮೆ ನೋಡಿ, "ಇರ್ಲಿ, ನೋಡಾಕ ಚಂದ ಅದ," ಅಂದಳು, ಅಷ್ಟೇ.

ಸುಮಿ ಬಂದಳು, ದವಾಖಾನೆಯಲ್ಲಿ ಸುಖವಾಗಿ ಹೆತ್ತಳು, ಹೆಣ್ಣು ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಬಾಣಂತಿ ಖೋಲಿಗೆ ಗಂಡಸರು ಕಾಲಿಡುವಂತಿಲ್ಲ. ಹಡೆದ ಅಪ್ಪನಾದರೂ ಹೊಸ್ತಿಲ ಆಚೆಗೇ. ಹೊರಗೆ ನಿಂತು ಏಸಿಯ ಸಪ್ಪಳ ಕೇಳುತ್ತ ಹಿಗ್ಗುತ್ತಿದ್ದೆ. ಮರುದಿನ ಮಧ್ಯಾಹ್ನ ಒಳಗಿನಿಂದ ಕೂಸಿನ ಅಳು, ಅದರ ಹಿಂದೆಯೇ ಸುಮಿಯ ಅಳು. "ಅಪ್ಪಾ, ಸೆಕಿ ತಡಿಯಾಕ ಆಗವಲ್ದು. ಅವರಿಗೆ ಕಾರ್ ತಗೊಂಡು ಬರ್ರಿ ಅಂತ ಹೇಳೀನಿ. ನಾಳೆ ಹೋಗ್ತೀನಿ."

ಓಡಿ ಹೋಗಿ ರಫೀಕ್ ಸಾಬರನ್ನು ಕೈ ಹಿಡಿದು ಎಳೆದು ತಂದೆ, ದಾರಿಯುದ್ದಕ್ಕೂ ಅವರ ಐದು ನಕ್ಷತ್ರಗಳನ್ನು ಒಂದೊಂದಾಗಿ ಬಯ್ಯುತ್ತ. ಒಳಗೆ ಹೋಗಲು ಅವರಿಗೂ ಅಪ್ಪಣೆಯಿಲ್ಲ. ಹಿತ್ತಲ ಕಡೆ ನಿಂತು, ಸ್ವಲ್ಪ ತೆರೆದಿದ್ದ ಕಿಟಕಿಯ ಪರದೆಯ ಸಂದಿಯಲ್ಲಿ ಕೈ ಚಾಚಿದರು, ಥಟ್ಟನೆ ಹಿಂದಕ್ಕೆ ತೆಗೆದರು. "ಮಾಸ್ತರ್ ಸಾಬ್, ಒಳಗ ಯಾರರ ಅಡಿಗಿ ಮಾಡಾಕತ್ತಾರೇನ್ರಿ?"

ಒಳಗಿನಿಂದ ಸುಮಿಯ ದನಿ ಬಂತು. "ಹೊರಸಿನ ಕೆಳಗ ಕೆಂಡ ಅದಾವ್ರಿ. ಹೊಗಿ ಹೋಗ್ಲಿ ಅಂತ ಆಯಿನೇ ಕಿಟಕಿ ತೆರದಾಳ. ಆಕಿ ಮನಸ್ಸು ನೋಯಿಸಬಾರದು ಅಂತ ಸುಮ್ಮನಿದ್ದೆ."

ರಫೀಕರ ಮುಖದ ನಗೆ ಮಾಯವಾಯಿತು. "ಖೋಲಿಯೊಳಗ ಕೆಂಡ ಇಡಬಾರದ್ರಿ, ಕೂಸಿಗೆ ಉಸರು ಕಟ್ತದ. ಕಿಟಕಿ ತೆರದಿದ್ದಕ್ಕ ಬಚಾವ್." ನನಗೆ ಕೈಕಾಲು ತಣ್ಣಗಾದವು, ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಮೊದಲ ತಂಪು ಅದೇ. ಶೇಗಡಿ ಹೊರಗೆ ತರಲು ಅವ್ವನಿಗೆ ಹೇಳಿದೆ. ಅವಳು ತಂದಳು, ಬೇವಿನ ಗಿಡದ ಕೆಳಗೆ ಕುಕ್ಕಿದಳು, ಪಕ್ಕದಲ್ಲೇ ಕುಳಿತಳು. "ಊರ ಬಾಣಂತ್ಯಾರಿಗೆ ಬೇಕಾಗಿದ್ದೆ. ನನ್ನ ಮಮ್ಮಗಳಿಗೇ ಬ್ಯಾಡಾದೆ. ನಾ ನಾಳಿಗೆ ಹುಣಸಗಿಗೆ ತಂಗಿ ಮನಿಗೆ ಹೋಗ್ತೀನಿ," ಅಂದಳು. ಇತ್ತ ಮಗಳು ಹೊರಟಿದ್ದಾಳೆ, ಅತ್ತ ತಾಯಿ ಹೊರಟಿದ್ದಾಳೆ. ಉಳಿಯುವವರು ನಾನು, ಶಾಂತಾ ಮತ್ತು ಐದು ನಕ್ಷತ್ರ. ಅವ್ವನ ಪಕ್ಕದಲ್ಲಿ ಕುಳಿತೆ. ಅಳುವೇ ಬಂತು.

ಅಷ್ಟರಲ್ಲಿ ಶಾಂತಾ ಒಳಗಿನಿಂದ ಕಿಟಕಿ ಮುಚ್ಚಿದಳು. ಕೆಂಡವೂ ಇಲ್ಲ, ಕಿಟಕಿಯೂ ಇಲ್ಲ. ಏಸಿ ಈಗ ಸರಿಯಾಗಿ ಕೆಲಸ ಹಿಡಿಯಿತು. ನಮ್ಮ ತಲೆಯ ಹತ್ತಿರ, ಖೋಲಿಯ ಗೋಡೆಯ ಮೇಲೆ ಕೂಡಿಸಿದ್ದ ಹೊರಗಿನ ಡಬ್ಬಿಯಿಂದ ಬಿಸಿ ಗಾಳಿ ಭರ್ರನೆ ಬಂದು ಮುಖಕ್ಕೆ ಬಡಿಯಿತು. ಅವ್ವ ಅಂಗೈ ಚಾಚಿದಳು. ತಿರುವಿ ಕೈಯ ಹಿಂಬದಿಯನ್ನೂ ಹಿಡಿದಳು. "ಇದೆಲ್ಲಿ ಕಾವು?"

"ಒಳಗಿನ ಕಾವು ಜಗ್ಗಿ ಹೊರಗ ಹಾಕ್ತದವ್ವ."

ಅವಳು ಮುಚ್ಚಿದ ಕಿಟಕಿಯ ಕಡೆ ನೋಡಿದಳು. "ಅಂದ್ರ, ಇದು ಸುಮಿ ಕಾವು? ಕೂಸಿನ ಕಾವೂ ಇದರಾಗ ಅದ?"

ಹೂಂ ಅಂದೆ. ನನ್ನ ಜೀವನದಲ್ಲಿ ಕಾನೂನು ಮುರಿದು ಅಂದ ಹೂಂಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಅವ್ವ ಎದ್ದಳು. ಕೂಸಿನ ಬಟ್ಟೆಗಳನ್ನೆಲ್ಲ ತಂದು ಡಬ್ಬಿಯ ಮುಂದೆ ಹಗ್ಗ ಕಟ್ಟಿ ಹರವಿದಳು, ಗರಿಗರಿಯಾದ ಮೇಲೆ ಮಡಿಚಿ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಒಯ್ದಳು. "ಬಾಣಂತಿಗೆ ಕಾಸಿದ ಬಟ್ಟಿ ಹಾಸಬೇಕು," ಎಂದು ಅವಳು ಹೇಳುವುದೂ, ಸುಮಿ ನಗುವುದೂ ಗೋಡೆಯಾಚೆ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತಾಯಿ, ಮಗು ಇಬ್ಬರೂ ಮಲಗಿದ್ದರು. ಮರುದಿನ ಕಾರು ತಂದ ಅಳಿಯ ಹೋಳಿಗೆ ಉಂಡು ಬರಿಗೈಲೆ ತಿರುಗಿ ಹೋದ.

ಈಗ ಉಳಿದದ್ದು ನನ್ನ ಪಾಡು. ಆ ಡಬ್ಬಿ ಇರುವುದು ಸರಿಯಾಗಿ ನನ್ನ ಹೊರಸಿನ ತಲೆದಿಂಬಿನ ಮೇಲೆ. ಮನೆಗೆ ತಂಪು ತಂದವನು ನಾನು. ಒಳಗೆ ಹೋಗುವಂತಿಲ್ಲ, ಹೊರಗೆ ಮಲಗುವಂತಿಲ್ಲ. ಡಬ್ಬಿ ಬೇರೆ ಕಡೆ ಸರಿಸೋಣವೇ ಎಂದು ಶಾಂತಾಳನ್ನು ಕೇಳಿದೆ. "ಇಲ್ಲಿ ಕೂಡಿಸ್ರಿ ಅಂತ ಹೂಂ ಅಂದವರು ಯಾರು?" ಎಂದು ಕೇಳಿ ಒಳಗೆ, ತಂಪಿಗೆ ಹೋದಳು. ಹೊರಸಿನ ಮೇಲೆ ಬೆವರುತ್ತ ಬಿದ್ದುಕೊಂಡೆ. ಒಣಗಿದ ಬಟ್ಟೆ ತೆಗೆಯಲು ಬಂದ ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಹಗ್ಗದಿಂದ ಬಿಸಿಬಿಸಿ ಬಟ್ಟೆಯೊಂದನ್ನು ಎಳೆದು ನನ್ನ ಕಿವಿ ಮುಚ್ಚುವ ಹಾಗೆ ತಲೆಗೆ ಕಟ್ಟಿ, "ಇರ್ಲಿ ಬಿಡಪ್ಪ, ಅಲುಗಬ್ಯಾಡ," ಅಂದಳು. "ಬಾಣಂತಿ ಇರೋ ಮನ್ಯಾಗ ಯಾರರ ಒಬ್ಬರು ಕಾಸಿಕೊಬೇಕಲ್ಲ."